ತಿರುಗದ ಗೂಡುದೀಪ: ಕಂಬಳದ ಕೋಣಗಳು ಓಡುತ್ತಿಲ್ಲ, ಯಾರಾದರೂ ದಾರಿ ಹೇಳಿ

ಬಿದಿರುಕಡ್ಡಿ · ಹಬ್ಬಕ್ಕೆ 12 ದಿನ

ಎಲ್ಲರಿಗೂ ನಮಸ್ಕಾರ. ನಮ್ಮೂರು ಕಾರ್ಕಳದ ಕಡೆ. ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದೇನೆ. ತುಡರ್ ಪರ್ಬ, ಅಂದರೆ ದೀಪಾವಳಿ, ಬಂತೆಂದರೆ ಪೇಟೆಯಿಂದ ಪ್ಲಾಸ್ಟಿಕ್ ಗೂಡುದೀಪ ತರುವುದು, ಕಾರ್ತಿಕ ಮುಗಿಯುವಷ್ಟರಲ್ಲಿ ಅದು ಚಿಂದಿಯಾಗುವುದು, ಮರುವರ್ಷ ಇನ್ನೊಂದು ತರುವುದು ನಮ್ಮ ಮನೆಯ ಪದ್ಧತಿ. ಅದನ್ನು ನೋಡಿದಾಗಲೆಲ್ಲ ಅಜ್ಜನದು ಒಂದೇ ಮಾತು: "ನಮ್ಮ ಕಾಲದಲ್ಲಿ ಗೂಡುದೀಪದೊಳಗೆ ಚಿತ್ರಗಳು ತಿರುಗುತ್ತಿದ್ದವು." ಈ ಸಲ ಆ ಮಾತನ್ನು ಪರೀಕ್ಷಿಸಿಯೇ ಬಿಡೋಣ ಎಂದು ಹೊರಟೆವು.

ನಾವು ಎಂದರೆ ನಾನು. ಕತ್ತರಿ ಹಿಡಿದರೆ ಕಾಗದಕ್ಕೆ ಜೀವ ಬರಿಸುವ ಪಕ್ಕದ ಮನೆಯ ಗೆಳತಿ. ಐಟಿಐ ಓದುತ್ತಿರುವ ಅವಳ ಅಣ್ಣ. ಆರನೆಯ ತರಗತಿಯ ನನ್ನ ತಮ್ಮ. ಅಂಟು ಕುದಿಸಲು ಅಮ್ಮ. ಜಗಲಿಯ ಕುರ್ಚಿಯಲ್ಲಿ ಕುಳಿತು ಎಲ್ಲರನ್ನೂ ಬೈಯಲು ಅಜ್ಜ.

ಚೌಕಟ್ಟಿನ ಬಗ್ಗೆ ತಕರಾರಿಲ್ಲ. ಬಿದಿರನ್ನು ಅಜ್ಜನೇ ಕತ್ತಿಯಲ್ಲಿ ಸೀಳಿ ಕೊಟ್ಟರು. 10 ಇಂಚಿನ ಕಡ್ಡಿಗಳಿಂದ 12 ಚೌಕ ಮಾಡಿಸಿ, ಮೂಲೆಗೆ ಮೂಲೆ ಸೇರಿಸಿ ದಾರದಲ್ಲಿ ಕಟ್ಟಿಸಿದರು. ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕಿದ್ದೇವೆ, ಜಿರಲೆ ತಿನ್ನದಿರಲಿ ಎಂದು. ಹೊರಗೆ ಬಿಳಿ ಮತ್ತು ಕೆಂಪು ತೆಳುಕಾಗದ.

ತೊಂದರೆ ಇರುವುದು ಒಳಗೆ. ಟ್ರೇಸಿಂಗ್ ಕಾಗದವನ್ನು 8 ಇಂಚು ಅಗಲದ ಉರುಳೆಯಾಗಿ ಸುತ್ತಿ, ಅದರ ಮೇಲೆ ಕಪ್ಪು ಕಾಗದದ ಆರು ಜೋಡಿ ಕಂಬಳದ ಕೋಣಗಳನ್ನು ಅಂಟಿಸಿದ್ದೇವೆ. ಉರುಳೆಯ ತಲೆಗೆ ಮದುವೆ ಆಮಂತ್ರಣದ ರಟ್ಟಿನಲ್ಲಿ ಕತ್ತರಿಸಿದ ಗಿರಗಿಟ್ಲೆ ಇದೆ. ಬುಡದಲ್ಲಿ ದೀಪ. ದೀಪದ ಮೇಲಿಂದ ಕಮಾನಿನಂತೆ ಬಗ್ಗಿಸಿದ ಸೈಕಲ್ ಚಕ್ರದ ಕಡ್ಡಿ, ಅದರ ನೆತ್ತಿಯಲ್ಲಿ ಮೊನೆ ಮೇಲಾಗಿ ಒಂದು ಸೂಜಿ. ಗಿರಗಿಟ್ಲೆಯ ನಡುವೆ ಹೊಲಿದ ಪ್ರೆಸ್ ಬಟನ್ನಿನ ಕುಳಿ ಆ ಮೊನೆಯ ಮೇಲೆ ಕೂರುತ್ತದೆ. ಬಿಸಿಗಾಳಿ ಮೇಲೇರಿ ರೆಕ್ಕೆಗಳನ್ನು ತಳ್ಳಬೇಕು, ಉರುಳೆ ತಿರುಗಬೇಕು. ಇದು ಲೆಕ್ಕ.

9 ವ್ಯಾಟ್ ಎಲ್‌ಇಡಿ ಹಾಕಿ ಅರ್ಧ ಗಂಟೆ ಕಾದೆವು. ಕೋಣಗಳು ಮೇಯಲು ನಿಂತ ಹಾಗೆ ನಿಂತಿವೆ. ಇನ್ನೊಂದು ತೊಂದರೆ: ನೆರಳು ವಿಪರೀತ ದೊಡ್ಡದು, ಮಸುಕು ಬೇರೆ. ಹೊರಗಿನ ಕಾಗದದಲ್ಲಿ ಕೋಣದ ಹೊಟ್ಟೆ ಮಾತ್ರ ಕಾಣುತ್ತದೆ. ಎಲ್ಲಿ ತಪ್ಪಿದೆವು?

ಫ್ಯೂಸ್‌ವೈರ್ · ಹಬ್ಬಕ್ಕೆ 12 ದಿನ

ತಮ್ಮಾ, ತಪ್ಪು ಕೋಣಗಳದ್ದಲ್ಲ, ದೀಪದ್ದು. ಹಳೆಯ ಬಲ್ಬು ಎಂದರೆ ಬೆಳಕಿನ ವೇಷ ಹಾಕಿದ ಒಲೆ. ಅದು ನುಂಗುವ ವಿದ್ಯುತ್ತಿನಲ್ಲಿ ಕಣ್ಣಿಗೆ ಕಾಣುವ ಬೆಳಕಾಗುವುದು ನೂರಕ್ಕೆ ಹತ್ತು ಪಾಲೂ ಇಲ್ಲ, ಉಳಿದದ್ದೆಲ್ಲ ಕಾವು. ಮನೆ ಬೆಳಗಲು ಅದು ದಂಡ. ನಿನ್ನ ಗಿರಗಿಟ್ಲೆಗೆ ಅದೇ ಊಟ. 9 ವ್ಯಾಟ್‌ನ ಎಲ್‌ಇಡಿ ಹಳೆಯ 60 ವ್ಯಾಟ್ ಬಲ್ಬಿನಷ್ಟು ಬೆಳಕು ಕೊಡುತ್ತದೆ ನಿಜ, ಆದರೆ ಒಟ್ಟು ಇರುವುದೇ 9 ವ್ಯಾಟ್. ಅದರಲ್ಲಿ ಕಾವು ಎಷ್ಟಿದ್ದೀತು?

40 ವ್ಯಾಟ್‌ನ ಹಳೆಯ ಬಲ್ಬು ಹುಡುಕು. ಸೊಸೈಟಿಯ ಪಕ್ಕದ ಹಳೆಯ ಅಂಗಡಿಗಳಲ್ಲಿ, ಕೋಳಿಮರಿಗಳಿಗೆ ಕಾವು ಕೊಡುವವರ ಬಳಿ ಇನ್ನೂ ಸಿಗುತ್ತದೆ. ಗಾಜು ಪಾರದರ್ಶಕವಾಗಿರಲಿ. ಬಲ್ಬಿಗೂ ಕಾಗದಕ್ಕೂ ಸುತ್ತ ನಾಲ್ಕು ಬೆರಳಿನ ಅಂತರ ಬೇಕು. ಪ್ಲಾಸ್ಟಿಕ್ ಹೋಲ್ಡರ್ ಬೇಡ, ಪಿಂಗಾಣಿಯದು ಅಥವಾ ಹಿತ್ತಾಳೆಯದು ಹಾಕು.

ಹೊಸಬೆಳಕು · ಹಬ್ಬಕ್ಕೆ 12 ದಿನ

ಇಷ್ಟೆಲ್ಲ ಪಾಡು ಯಾಕೆ? ಒಂದು ಸಣ್ಣ ಮೋಟರ್ ಹಾಕಿ. ಹತ್ತು ನಿಮಿಷದ ಕೆಲಸ.

ಕೆರೆದಡದವಳು · ಹಬ್ಬಕ್ಕೆ 11 ದಿನ

ಧಾರವಾಡದಿಂದ ಬರೆಯುತ್ತಿದ್ದೇನೆ. ಮೊದಲ ಸಾಲು ಓದಿ ಹಕ್ಕಿಗೂಡಿನ ವಿಷಯ ಎಂದುಕೊಂಡೆ. ನಮ್ಮಲ್ಲಿ ಇದು ಆಕಾಶಬುಟ್ಟಿ. ನಾನು ಚಿಕ್ಕವಳಿದ್ದಾಗ ನಮ್ಮ ತಂದೆಯವರು ಇದೇ ಆಕಾರದ್ದನ್ನು ಕಟ್ಟುತ್ತಿದ್ದರು, ಕೆಳಗೆ ಪರಪರಿ ಬಾಲ ಬಿಡುತ್ತಿದ್ದರು. ಒಳಗೆ ತಿರುಗುವುದನ್ನು ಮಾತ್ರ ಕಂಡವಳಲ್ಲ. ಈ ಎಳೆಯನ್ನು ಬಿಡದೆ ಓದುತ್ತೇನೆ, ದಯವಿಟ್ಟು ನಡುವೆ ನಿಲ್ಲಿಸಬೇಡಿ. ಇಂಥ ಕಡೆ ಎಲ್ಲರೂ ತೊಂದರೆ ಹೇಳಿಕೊಂಡು, ಪರಿಹಾರ ಸಿಕ್ಕ ದಿನ ಮಾಯವಾಗುತ್ತಾರೆ.

ಬಿದಿರುಕಡ್ಡಿ · ಹಬ್ಬಕ್ಕೆ 11 ದಿನ

ಫ್ಯೂಸ್‌ವೈರ್ ಅಣ್ಣ, ವಿವರಕ್ಕೆ ಧನ್ಯವಾದ. ಆದರೆ ನಾನು ತಮ್ಮ ಅಲ್ಲ, ತಂಗಿ.

ಬಲ್ಬು ಹುಡುಕುವಷ್ಟರಲ್ಲಿ ಮೋಟರಿನ ಪ್ರಯೋಗವೂ ಆಗಿಹೋಯಿತು. ಗೆಳತಿಯ ಅಣ್ಣ ರಿಪೇರಿ ಅಂಗಡಿಯ ಗುಜರಿ ರಾಶಿಯಿಂದ ಮೈಕ್ರೋವೇವ್ ಒಲೆಯ ತಟ್ಟೆ ತಿರುಗಿಸುವ ಮೋಟರನ್ನು ತಂದ. ನಿಮಿಷಕ್ಕೆ ಐದು ಸುತ್ತು, ಸದ್ದಿಲ್ಲ, ನಮಗೆ ಹೇಳಿ ಮಾಡಿಸಿದಂತಿತ್ತು. ಸಂಜೆ ಎಲ್ಲರನ್ನೂ ಕರೆದು ಸ್ವಿಚ್ ಹಾಕಿದೆವು. ಆರೂ ಜೋಡಿ ಕೋಣಗಳು ಹಿಮ್ಮುಖವಾಗಿ ಓಡಿದವು. ಓಡಿಸುವವನು ಮುಂದೆ, ಕೋಣಗಳು ಅವನನ್ನು ಬಾಲದಿಂದ ತಳ್ಳಿಕೊಂಡು ಹಿಂದೆ. ಅಜ್ಜ ನಕ್ಕ ರಭಸಕ್ಕೆ ಕೆಮ್ಮು ಹತ್ತಿ ಅಮ್ಮ ನೀರು ತರಬೇಕಾಯಿತು.

ಆರಿಸಿ ಮತ್ತೆ ಹಾಕಿದೆವು, ಈಗ ಸರಿಯಾಗಿ ಓಡಿದವು. ಮೂರನೆಯ ಸಲ ಮತ್ತೆ ಹಿಂದೆ. ಇದು ಮೋಟರೋ, ಮೊಂಡು ಹಿಡಿದ ಕೋಣವೋ?

ಫ್ಯೂಸ್‌ವೈರ್ · ಹಬ್ಬಕ್ಕೆ 11 ದಿನ

ತಂಗಿ, ತಪ್ಪಾಯಿತು.

ಆ ಮೋಟರಿನ ಜಾತಿಯೇ ಹಾಗೆ. ಅದು ಸಿಂಕ್ರೊನಸ್ ಮೋಟರ್. ನಮ್ಮ ಲೈನಿನ ವಿದ್ಯುತ್ತು ಸೆಕೆಂಡಿಗೆ 50 ಸಲ ಆಚೀಚೆ ತುಯ್ಯುತ್ತದಲ್ಲ, ಅದರ ತಾಳಕ್ಕೆ ಹೆಜ್ಜೆ ಹಾಕುತ್ತದೆ. ವೇಗ ತಪ್ಪುವುದಿಲ್ಲ. ಆದರೆ ಸ್ವಿಚ್ ಹಾಕಿದ ಗಳಿಗೆಯಲ್ಲಿ ಯಾವ ಕಡೆ ಹೆಜ್ಜೆ ಸಿಕ್ಕಿತೋ ಆ ಕಡೆಯೇ ಅದರ ಪ್ರಯಾಣ. ಒಲೆಯಲ್ಲಿ ಅನ್ನದ ಬಟ್ಟಲು ಯಾವ ಕಡೆ ತಿರುಗಿದರೂ ಬಿಸಿಯಾಗುತ್ತದೆ, ಹಾಗಾಗಿ ಮಾಡಿದವರು ತಲೆ ಕೆಡಿಸಿಕೊಳ್ಳಲಿಲ್ಲ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ, ಓದುವ ಮಕ್ಕಳೆಲ್ಲ ಕೇಳಿಸಿಕೊಳ್ಳಿ. ಗುಜರಿಯಲ್ಲಿ ಬಿಡಿಯಾಗಿ ಸಿಕ್ಕ ಮೋಟರ್ ತಂದದ್ದು ಸರಿ. ಮನೆಯ ಹಾಳಾದ ಮೈಕ್ರೋವೇವ್ ಒಲೆಯನ್ನು ನೀವೇ ಬಿಚ್ಚಲು ಹೋಗಬೇಡಿ. ಅದರೊಳಗಿನ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಜೀವ ತೆಗೆಯುವಷ್ಟು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು. ಮೂವತ್ತು ವರ್ಷ ಇದೇ ಕೆಲಸ ಮಾಡಿದ ನಾನೂ ಅದರ ಮುಂದೆ ಕೈಕಟ್ಟಿ ನಿಲ್ಲುತ್ತೇನೆ.

ಹೊಸಬೆಳಕು · ಹಬ್ಬಕ್ಕೆ 11 ದಿನ

ಹಾಗಾದರೆ ಆಟಿಕೆ ಕಾರಿನ ಡಿಸಿ ಗೇರ್ ಮೋಟರ್ ಹಾಕಿ. ತಂತಿ ಅದಲುಬದಲು ಮಾಡಿದರೆ ದಿಕ್ಕೂ ಬದಲಾಗುತ್ತದೆ. ವೋಲ್ಟೇಜ್ ಇಳಿಸಿದರೆ ವೇಗವೂ ಇಳಿಯುತ್ತದೆ. 40 ವ್ಯಾಟ್ ಉರಿಸುವ ಬದಲು 9 ವ್ಯಾಟ್‌ನಲ್ಲಿ ಬೆಳಕು, ಜೊತೆಗೆ ಒಂದೆರಡು ವ್ಯಾಟ್‌ನಲ್ಲಿ ತಿರುಗುವಿಕೆ. ಹಳೆಯದೆಲ್ಲ ಒಳ್ಳೆಯದು ಎಂಬ ಹಟ ನನಗೆ ಅರ್ಥವಾಗುವುದಿಲ್ಲ.

ಜೋಡುಕರೆ · ಹಬ್ಬಕ್ಕೆ 10 ದಿನ

ಹಟ ಅಲ್ಲ ಮಾರಾಯರೇ. ಮೋಟರ್ ಹಾಕಿದರೆ ಅದು ಪ್ರದರ್ಶನದ ಗೊಂಬೆ. ದೀಪವೇ ತನ್ನ ಕಾವಿನಿಂದ ಚಿತ್ರವನ್ನು ತಿರುಗಿಸುವುದರಲ್ಲಿ ಇರುವ ಚಂದ ಬೇರೆ. ನಮ್ಮ ಕಡೆಯ ಗೂಡುದೀಪ ಸ್ಪರ್ಧೆಗಳಲ್ಲಿ ಸಾಂಪ್ರದಾಯಿಕ, ಆಧುನಿಕ ಎಂದು ವಿಭಾಗ ಮಾಡುವುದು ಸುಮ್ಮನೆ ಅಲ್ಲ. ಕುದ್ರೋಳಿ ದೇವಸ್ಥಾನದ ಅಂಗಳದಲ್ಲಿ ನಡೆಯುವ ಸ್ಪರ್ಧೆ ನೋಡಿದ್ದೀರಾ? ಅಕ್ಕಿ, ಬೇಳೆ, ನೂಲು, ಐಸ್‌ಕ್ರೀಮ್ ಕಡ್ಡಿ, ಏನೇನರಲ್ಲೋ ಕಟ್ಟಿಕೊಂಡು ಬರುತ್ತಾರೆ.

ಅದಿರಲಿ, ನನ್ನ ಪ್ರಶ್ನೆ ಬೇರೆ. ನಿಮ್ಮ ಕೋಣಗಳು ಯಾವ ವಿಭಾಗದವು? ಹಗ್ಗವೋ, ನೇಗಿಲೋ, ಅಡ್ಡ ಹಲಗೆಯೋ? ಅಡ್ಡ ಹಲಗೆಯಾದರೆ ಓಡಿಸುವವನು ಓಡುವಂತಿಲ್ಲ, ಹಲಗೆಯ ಮೇಲೆ ನಿಂತಿರಬೇಕು. ಕಾರ್ಕಳದವರಾಗಿ, ಮಿಯ್ಯಾರಿನ ಕಂಬಳ ಬಗಲಲ್ಲೇ ಇರುವಾಗ, ಇದರಲ್ಲಿ ತಪ್ಪಿದರೆ ಕ್ಷಮೆ ಇಲ್ಲ.

ಬಿದಿರುಕಡ್ಡಿ · ಹಬ್ಬಕ್ಕೆ 10 ದಿನ

ಹಗ್ಗದ ವಿಭಾಗ. ಗೆಳತಿ ಬಲು ಹೆಮ್ಮೆಯಿಂದ ಹೇಳಲು ಹೇಳಿದ್ದಾಳೆ: ಓಡಿಸುವವನ ಹಿಮ್ಮಡಿ ನೆಲದಿಂದ ಮೇಲಿದೆ, ಬೇಕಾದರೆ ಬಂದು ನೋಡಬಹುದಂತೆ.

ಮೋಟರಿನ ವಿಷಯದಲ್ಲಿ ಮನೆಯಲ್ಲೇ ಎರಡು ಪಕ್ಷವಾಗಿದೆ. ತಮ್ಮ ಮತ್ತು ಗೆಳತಿಯ ಅಣ್ಣ ಮೋಟರಿನ ಕಡೆ. ನಾನು, ಗೆಳತಿ ಕಾವಿನ ಕಡೆ. ಅಮ್ಮ ಅಡುಗೆಮನೆ ಬೇಗ ಖಾಲಿಯಾಗಲಿ ಎನ್ನುವ ಕಡೆ. ನಾನು ಮೋಟರನ್ನು ತಿರಸ್ಕರಿಸುತ್ತಿಲ್ಲ. ಆದರೆ ಅಜ್ಜ ಹೇಳಿದ್ದು ನಿಜವೇ ಎಂದು ನೋಡಲು ಹೊರಟವಳು ನಾನು. ಮೋಟರ್ ಹಾಕಿದರೆ ಆ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಹಳೆ ಕರಿಹಲಗೆ · ಹಬ್ಬಕ್ಕೆ 10 ದಿನ

ನಿವೃತ್ತ ಗಣಿತ ಮೇಷ್ಟ್ರು ನಾನು. ಮೋಟರ್ ಜಗಳದಲ್ಲಿ ಎಲ್ಲರೂ ಒಂದು ರತ್ನವನ್ನು ದಾಟಿ ಹೋದಿರಿ. "12 ಚೌಕ ಮಾಡಿ ಮೂಲೆಗೆ ಮೂಲೆ ಕಟ್ಟಿಸಿದರು" ಎಂದು ಆ ಹುಡುಗಿ ಒಂದೇ ಸಾಲಿನಲ್ಲಿ ಬರೆದುಬಿಟ್ಟಿದ್ದಾಳೆ. ಅಜ್ಜನವರಿಗೆ ನನ್ನ ನಮಸ್ಕಾರ ತಿಳಿಸಮ್ಮ.

ಆ ಆಕಾರಕ್ಕೆ ಒಟ್ಟು 26 ಮುಖಗಳು: 18 ಚೌಕ, 8 ತ್ರಿಕೋನ. ಅಂಚುಗಳು 48, ಮೂಲೆಗಳು 24. ಮೂಲೆಗಳಿಗೆ ಮುಖಗಳನ್ನು ಕೂಡಿಸಿ ಅಂಚುಗಳನ್ನು ಕಳೆದರೆ 2 ಉಳಿಯುತ್ತದೆ. ಆಯ್ಲರನ ಸೂತ್ರ, ಸರಿಯಾಗಿದೆ. ಈಗ ಸ್ವಾರಸ್ಯ ನೋಡಿ. 18 ಚೌಕಗಳಿದ್ದರೂ ಅಜ್ಜ ಮಾಡಿಸಿದ್ದು 12 ಮಾತ್ರ. 12 ಚೌಕಕ್ಕೆ ತಲಾ 4 ಕಡ್ಡಿ ಎಂದರೆ 48. ಒಂದು ಕಡ್ಡಿಯೂ ಎರಡು ಸಲ ಬಂದಿಲ್ಲ, ಒಂದು ಅಂಚೂ ಬಿಟ್ಟುಹೋಗಿಲ್ಲ! ಆ ಹನ್ನೆರಡನ್ನು ಮೂಲೆಯಲ್ಲಿ ಸೇರಿಸಿದರೆ ಉಳಿದ ಆರು ಚೌಕಗಳೂ ಎಂಟು ತ್ರಿಕೋನಗಳೂ ನಡುವಿನ ಬಯಲಿನಲ್ಲಿ ತಾವಾಗಿ ಮೂಡುತ್ತವೆ. ಇದನ್ನು ನಾನು ಕರಿಹಲಗೆಯ ಮೇಲೆ ಬಿಡಿಸಿ ತೋರಿಸಲು ಒಂದು ತರಗತಿ ತೆಗೆದುಕೊಳ್ಳುತ್ತಿದ್ದೆ. ನಿಮ್ಮಜ್ಜನಿಗೆ ಒಂದು ಉಂಡೆ ದಾರ ಸಾಕಾಯಿತು.

ಇನ್ನು ನೆರಳು. 10 ಇಂಚಿನ ಕಡ್ಡಿಯಾದರೆ ಗೂಡುದೀಪದ ಅಡ್ಡಳತೆ ಹೆಚ್ಚುಕಡಿಮೆ 24 ಇಂಚು. ಅಂದರೆ ನಡುವಿನ ದೀಪದಿಂದ ಹೊರಗಿನ ಕಾಗದಕ್ಕೆ 12 ಇಂಚು. ಉರುಳೆ ಇರುವುದು ದೀಪದಿಂದ 4 ಇಂಚಿನಲ್ಲಿ. ಹಾಗಾಗಿ ನೆರಳು ಮೂರು ಪಟ್ಟು. ನಿಮ್ಮ 4 ಇಂಚಿನ ಕೋಣ ಹೊರಗೆ 12 ಇಂಚಾಗಿ, 10 ಇಂಚಿನ ಚೌಕದಲ್ಲಿ ಹಿಡಿಸದೆ ಹೊಟ್ಟೆ ಮಾತ್ರ ತೋರಿಸುತ್ತಿದೆ. ಕೋಣದ ಜೋಡಿ ಓಡಿಸುವವನ ಸಮೇತ 3 ಇಂಚು ಮೀರದಿರಲಿ. ಉರುಳೆಯ ಸುತ್ತಳತೆ ಸುಮಾರು 25 ಇಂಚು, ಅದರಲ್ಲಿ ಎಂಟು ಜೋಡಿ ಹಿಡಿಯುತ್ತವೆ. ಗೂಡುದೀಪದ ನಡುಪಟ್ಟಿಯಲ್ಲೂ ಎಂಟೇ ಚೌಕಗಳು. ಪ್ರತಿ ಕಿಟಕಿಗೆ ಒಂದು ಜೋಡಿ.

ಮಸುಕಿಗೆ ಕಾರಣ ಎಲ್‌ಇಡಿ ಬಲ್ಬಿನ ಬಿಳಿ ಗುಮ್ಮಟ. ಇಡೀ ಗುಮ್ಮಟ ಬೆಳಗುವಾಗ ನೆರಳಿನ ಅಂಚು ಕಲಸಿಹೋಗುತ್ತದೆ. ಬೆಳಕು ಹುಟ್ಟುವ ಜಾಗ ಚಿಕ್ಕದಾದಷ್ಟೂ ನೆರಳು ಚೂಪು. ಫ್ಯೂಸ್‌ವೈರ್ ಅವರು ಪಾರದರ್ಶಕ ಗಾಜಿನ ಬಲ್ಬನ್ನೇ ಕೇಳಿದ್ದು ಅದಕ್ಕೇ ಇರಬೇಕು.

ಫ್ಯೂಸ್‌ವೈರ್ · ಹಬ್ಬಕ್ಕೆ 10 ದಿನ

ನಿಜ ಹೇಳುತ್ತೇನೆ ಮೇಷ್ಟ್ರೇ, ನನಗೆ ಅದು ಹೊಳೆದಿರಲಿಲ್ಲ. ಚಂದ ಕಾಣುತ್ತದೆ ಎಂದು ಹೇಳಿದ್ದೆ.

ಕೆರೆದಡದವಳು · ಹಬ್ಬಕ್ಕೆ 9 ದಿನ

ಮಗಳು ಹಿಡಿಕಡ್ಡಿ ಮುರಿದು 12 ಚೌಕ ಕಟ್ಟುತ್ತಿದ್ದಾಳೆ. ನಾಳೆ ಅವಳಿಗೆ ಶಾಲೆಯ ಪರೀಕ್ಷೆ. ಇದಕ್ಕೆ ನೀವೆಲ್ಲರೂ ಹೊಣೆ.

ಬಿದಿರುಕಡ್ಡಿ · ಹಬ್ಬಕ್ಕೆ 7 ದಿನ

ವರದಿ.

ಬಲ್ಬು ಸಿಕ್ಕಿತು. ನಾಲ್ಕು ಅಂಗಡಿ ಅಲೆದ ಮೇಲೆ ಐದನೆಯವರು ಕಪಾಟಿನ ಅಟ್ಟದಿಂದ ಧೂಳು ಹಿಡಿದ ಪೆಟ್ಟಿಗೆ ಇಳಿಸಿದರು. ಎರಡು ಕೊಂಡೆ. ಎಂಟು ಜೋಡಿ ಹೊಸ ಕೋಣಗಳನ್ನು ಗೆಳತಿ ಎರಡು ರಾತ್ರಿ ಕುಳಿತು ಉಗುರು ಕತ್ತರಿಸುವ ಸಣ್ಣ ಕತ್ತರಿಯಲ್ಲಿ ಕತ್ತರಿಸಿದಳು. ಮೂರು ಇಂಚಿನೊಳಗೆ ಎರಡು ಕೋಣ, ಒಬ್ಬ ಮನುಷ್ಯ, ಕೈಯಲ್ಲಿ ಬೆತ್ತ. ಬೆತ್ತ ಮೂರು ಸಲ ತುಂಡಾಯಿತು. ಕೊನೆಗೆ ತಮ್ಮ ತೆಂಗಿನ ಗರಿಯ ಕಡ್ಡಿಯನ್ನು ಕೂದಲಿನಷ್ಟು ಸೀಳಿ ಬೆತ್ತ ಮಾಡಿ ಕೊಟ್ಟ. ಈ ಎಂಟು ಬೆತ್ತಗಳ ಹೆಗ್ಗಳಿಕೆಯನ್ನು ನಾವು ಇನ್ನು ವರ್ಷಪೂರ್ತಿ ಕೇಳಬೇಕು.

ನೆರಳು ಈಗ ಅದ್ಭುತವಾಗಿ ಬರುತ್ತಿದೆ. ಕೋಣದ ಕೊಂಬಿನ ತುದಿಯೂ ಕಾಣುತ್ತದೆ.

ಆದರೆ ತಿರುಗುವುದಿಲ್ಲ! ಅಥವಾ ಹೀಗೆ ಹೇಳಬೇಕು: ಬಲ್ಬು ಹಾಕಿ ಸ್ವಲ್ಪ ಹೊತ್ತಿಗೆ ಉರುಳೆ ಮೆಲ್ಲನೆ ಹೊರಡುತ್ತದೆ, ಎರಡು ಸುತ್ತು, ಹೆಚ್ಚೆಂದರೆ ಎರಡೂವರೆ. ಆಮೇಲೆ ಆಯಾಸವಾದಂತೆ ನಿಂತುಬಿಡುತ್ತದೆ. ಆರಿಸಿ, ತಣಿಸಿ, ಮತ್ತೆ ಹಾಕಿದರೆ ಮತ್ತೆ ಎರಡು ಸುತ್ತು. ಮೋಟರ್ ಪಕ್ಷದವರು ಮನೆಯಲ್ಲಿ ಮೀಸೆ ತಿರುವುತ್ತಿದ್ದಾರೆ, ಇಬ್ಬರಲ್ಲಿ ಒಬ್ಬನಿಗೆ ಮೀಸೆಯೇ ಇಲ್ಲದಿದ್ದರೂ.

ಹಿಮದೂರು · ಹಬ್ಬಕ್ಕೆ 7 ದಿನ

ಜರ್ಮನಿಯಿಂದ. ಮೂಲ ಪುತ್ತೂರು. ನಾನಿರುವ ಕೆಮ್ನಿಟ್ಸ್‌ನಿಂದ ಎರ್ಟ್ಸ್‌ಗೆಬಿರ್ಗೆ ಎಂಬ ಗುಡ್ಡಸಾಲು ದೂರವಿಲ್ಲ. ಒಂದು ಕಾಲದ ಗಣಿ ಪ್ರದೇಶ ಅದು. ಅಲ್ಲಿನವರು ಕ್ರಿಸ್‌ಮಸ್‌ಗೆ ಮರದ ಪಿರಮಿಡ್ ಮಾಡುತ್ತಾರೆ. ಕೆಳಗೆ ಮೇಣದಬತ್ತಿಗಳು, ನೆತ್ತಿಯಲ್ಲಿ ಓರೆಯಾದ ಮರದ ರೆಕ್ಕೆಗಳು, ನಡುವೆ ಅಂತಸ್ತು ಅಂತಸ್ತಾಗಿ ತಿರುಗುವ ಗೊಂಬೆಗಳು, ಅವುಗಳಲ್ಲಿ ಗಣಿ ಕೆಲಸಗಾರರೂ ಇರುತ್ತಾರೆ. ಮೊದಲ ಚಳಿಗಾಲದಲ್ಲಿ ಅದನ್ನು ಕಂಡಾಗ ನಮ್ಮೂರಿನ ಗೂಡುದೀಪ ಕೋಟು ಹಾಕಿಕೊಂಡು ನಿಂತಂತೆ ಕಂಡಿತ್ತು.

ಕೆಲಸಕ್ಕೆ ಬರುವ ಮಾತು: ಅಲ್ಲಿ ಕಡ್ಡಿಯ ಚೂಪಾದ ಲೋಹದ ಮೊನೆ ಗಾಜಿನ ಸಣ್ಣ ಕುಳಿಯಲ್ಲಿ ಕೂರುತ್ತದೆ. ಗಾಜಿನ ಮೇಲೆ ಉಜ್ಜಾಟ ತೀರಾ ಕಡಿಮೆ. ನಿಮ್ಮ ಪ್ರೆಸ್ ಬಟನ್ನಿನ ಕುಳಿಯಲ್ಲಿ ಹೊಲಿಗೆಯ ದಾರ ಸಿಕ್ಕಿಕೊಂಡಿಲ್ಲವೇ ನೋಡಿ. ಇಂಜೆಕ್ಷನ್ ಔಷಧದ ಚಿಕ್ಕ ಗಾಜಿನ ಬಾಟಲಿ ಸಿಕ್ಕರೆ ಅದನ್ನೇ ಸೂಜಿಯ ಮೇಲೆ ಬೋರಲು ಹಾಕಬಹುದು. ಮದುವೆ ಆಮಂತ್ರಣದ ರಟ್ಟು ಭಾರವಾಯಿತು, ತೆಳುವಾದ ಡ್ರಾಯಿಂಗ್ ಹಾಳೆ ಸಾಕು. ರೆಕ್ಕೆಗಳನ್ನು ಪೂರ್ತಿ ನಿಲ್ಲಿಸಬೇಡಿ, ಪೂರ್ತಿ ಮಲಗಿಸಲೂಬೇಡಿ. ಅರ್ಧಕ್ಕಿಂತ ತುಸು ಕಡಿಮೆ ಎತ್ತಿದರೆ ಚೆನ್ನಾಗಿ ಹಿಡಿಯುತ್ತದೆ. ಯಾವ ಕಡೆ ಓರೆ ಮಾಡುತ್ತೀರೋ ಅದರ ಮೇಲೆ ಕೋಣಗಳ ದಿಕ್ಕು. ಒಮ್ಮೆ ಕತ್ತರಿಸಿದರೆ ಆಯಿತು, ನಿಮ್ಮ ಮೋಟರಿನ ಹಾಗೆ ಮನಸ್ಸು ಬದಲಾಯಿಸುವುದಿಲ್ಲ.

ಜೋಡುಕರೆ · ಹಬ್ಬಕ್ಕೆ 6 ದಿನ

ಚೀನಾದಲ್ಲೂ ಇಂಥದ್ದು ಇದೆ. ಓಡುವ ಕುದುರೆಯ ದೀಪ ಎಂಬ ಅರ್ಥದ ಹೆಸರು. ಅವರ ಕುದುರೆಗೂ ನಮ್ಮ ಕೋಣಕ್ಕೂ ಓಟ ಕಟ್ಟಬೇಕು.

ಬಿದಿರುಕಡ್ಡಿ · ಹಬ್ಬಕ್ಕೆ 6 ದಿನ

ಹಿಮದೂರು ಅವರ ಮಾತಿನಂತೆ ಗಾಜಿನ ಬಾಟಲಿ ಹಾಕಿ, ಗಿರಗಿಟ್ಲೆಯನ್ನು ತೆಳು ಹಾಳೆಯಲ್ಲಿ ಹೊಸದಾಗಿ ಕತ್ತರಿಸಿದೆವು. ಊದಿದರೆ ಸಾಕು, ಸುಮಾರು ಹೊತ್ತು ತಿರುಗುತ್ತದೆ. ಗೂಡುದೀಪದ ಒಳಗಿಟ್ಟರೆ ಮಾತ್ರ ಅದೇ ಕಥೆ: ಈಗ ಎರಡರ ಬದಲು ನಾಲ್ಕು ಸುತ್ತು, ಆಮೇಲೆ ನಿಲುಗಡೆ. ನನಗೆ ಸಾಕಾಗಿದೆ. ಇನ್ನು ಎರಡು ದಿನ ನೋಡಿ ಡಿಸಿ ಮೋಟರ್ ತರಿಸುವುದು ಎಂದು ತೀರ್ಮಾನವಾಗಿದೆ.

ಪಡುಜಗಲಿ · ಹಬ್ಬಕ್ಕೆ 6 ದಿನ

ನಾನು ಇಲ್ಲಿ ಬರೆಯುವವನಲ್ಲ, ಓದುವವನು. ಎರಡು ಪ್ರಶ್ನೆ. ಉರುಳೆ ಮತ್ತು ಬಲ್ಬನ್ನು ಗೂಡುದೀಪದಿಂದ ಹೊರತೆಗೆದು ಮೇಜಿನ ಮೇಲೆ ಇಟ್ಟರೆ ಬಿಡದೆ ತಿರುಗುತ್ತದೆಯೇ? ಗೂಡುದೀಪದ ಮೇಲಿನ ಬಾಯಿ ಹೇಗಿದೆ?

ಬಿದಿರುಕಡ್ಡಿ · ಹಬ್ಬಕ್ಕೆ 6 ದಿನ, ರಾತ್ರಿ

ಮೇಜಿನ ಮೇಲೆ ಇಟ್ಟೆವು. ಇಪ್ಪತ್ತು ನಿಮಿಷ ನಿಲ್ಲದೆ ತಿರುಗಿತು. ಕೊನೆಗೆ ನಾವೇ ಆರಿಸಿದೆವು.

ಮೇಲಿನ ಬಾಯಿಯನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ ಟೇಪ್ ಹಾಕಿದ್ದೇನೆ. ನಾನೇ. ಹಬ್ಬದ ಹೊತ್ತಿಗೆ ನಮ್ಮಲ್ಲಿ ಸಂಜೆ ಗುಡುಗು ಮಳೆ ಇದ್ದದ್ದೇ, ಕಾಗದ ಒದ್ದೆಯಾಗದಿರಲಿ ಎಂದು ಮೊದಲ ದಿನವೇ ಈ ಜಾಣತನ ಮಾಡಿದ್ದೆ. ಇಲ್ಲಿ ಬರೆಯುವಾಗ ಅದು ಹೇಳಬೇಕಾದ ಸಂಗತಿ ಎಂದೂ ಅನ್ನಿಸಿರಲಿಲ್ಲ.

ಈಗ ಅಜ್ಜನನ್ನು ಕೇಳಿದೆ. "ಅದನ್ನು ಮುಚ್ಚುವುದು ಯಾಕೆ ಎಂದು ನಾನು ಆವತ್ತೇ ಕೇಳಿದ್ದೆ. ಮಳೆಗೆ ಎಂದು ನೀನೇ ಹೇಳಿದೆ. ಬಿ.ಎಸ್ಸಿ. ಓದುವವಳು, ಏನೋ ಲೆಕ್ಕ ಇರಬೇಕು ಎಂದು ಸುಮ್ಮನಾದೆ" ಎಂದರು. ನಿಜವಾಗಿಯೂ ಕೇಳಿದ್ದರು. ನಾನು ತಲೆ ಎತ್ತದೆ ಉತ್ತರ ಕೊಟ್ಟಿದ್ದೆ.

ಪಡುಜಗಲಿ · ಹಬ್ಬಕ್ಕೆ 6 ದಿನ, ರಾತ್ರಿ

ಬಿಸಿಗಾಳಿಗೆ ಹೋಗಲು ದಾರಿ ಇಲ್ಲದಿದ್ದರೆ ಹೊಸ ಗಾಳಿ ಬರುವುದಿಲ್ಲ. ಮೊದಲಿಗೆ ಒಳಗೆಲ್ಲ ತಣ್ಣಗಿರುತ್ತದೆ, ಬಲ್ಬಿನ ಮೇಲಿನ ಗಾಳಿ ಮಾತ್ರ ಏರುತ್ತದೆ, ನಿಮ್ಮ ಎರಡು ಸುತ್ತು ಅದರ ಫಲ. ಕ್ರಮೇಣ ಕಾವು ಮೇಲಿನಿಂದ ತುಂಬಿಕೊಂಡು ಬಂದು ಗಿರಗಿಟ್ಲೆಯ ಮೇಲೂ ಕೆಳಗೂ ಒಂದೇ ಆಗುತ್ತದೆ. ಅಲ್ಲಿಗೆ ಏರಾಟ ಮುಗಿಯಿತು. ಹಳೆಯ ಗೂಡುದೀಪದ ಮೇಲೂ ಕೆಳಗೂ ಕಾಗದ ಹಚ್ಚದೆ ಬಿಡುವುದು ಕಾಗದ ಉಳಿಸಲು ಅಲ್ಲ. ಅದು ಒಲೆಯ ಚಿಮಣಿ ಇದ್ದ ಹಾಗೆ. ಕೆಳಗಿನ ಬಾಯಿಯನ್ನೂ ನೋಡಿ. ಪರಪರಿಯ ಬಾಲಗಳನ್ನು ಅಂಚಿಗೆ ಮಾತ್ರ ಅಂಟಿಸಿ, ನಡುವೆ ತೆರೆದಿರಲಿ.

ಹಳೆ ಕರಿಹಲಗೆ · ಹಬ್ಬಕ್ಕೆ 5 ದಿನ

26 ಮುಖಗಳನ್ನು ಎಣಿಸಿ ಹೇಳಿದ ನಾನು, ಅದರಲ್ಲಿ ಎರಡು ಖಾಲಿ ಇರಬೇಕಲ್ಲವೇ ಎಂದು ಕೇಳಲಿಲ್ಲ. ಎಣಿಸಿದ್ದು ಸರಿಯಾದರೂ ಅಂಕ ಕಡಿತ.

ಕೆರೆದಡದವಳು · ಹಬ್ಬಕ್ಕೆ 5 ದಿನ

ಮಳೆ ಬಂದರೆ ಏನು ಮಾಡುತ್ತೀರಿ ಹಾಗಾದರೆ? ನಮ್ಮ ತಂದೆಯವರು ಮಳೆ ಬಂದ ಕೂಡಲೇ ಹಗ್ಗ ಸಡಿಲಿಸಿ ಬುಟ್ಟಿಯನ್ನು ಪಡಸಾಲೆಗೆ ಇಳಿಸಿಕೊಳ್ಳುತ್ತಿದ್ದರು. ಮಳೆಗಿಂತ ಮೊದಲು ಅವರು ಅಂಗಳದಲ್ಲಿರುತ್ತಿದ್ದರು.

ಜೋಡುಕರೆ · ಹಬ್ಬಕ್ಕೆ 5 ದಿನ

ಮುಟ್ಟಾಳೆ! ತುಳುನಾಡಿನಲ್ಲಿ ಕುಳಿತು ಮಳೆಗೆ ಏನು ಮಾಡುವುದು ಎಂದು ಕೇಳುವವರು ಉಂಟೇ? ಗದ್ದೆಯಲ್ಲಿ ತಲೆಗೆ ಹಾಕುವ ಅಡಿಕೆ ಹಾಳೆಯ ಟೊಪ್ಪಿ. ಹಾಳೆ ನೆನೆಸಿ ಅಗಲವಾಗಿ ಮಡಿಸಿ ಹೊಲಿಯಿರಿ, ನಾಲ್ಕು ಬಿದಿರುಕಡ್ಡಿಗಳ ಮೇಲೆ ಬಾಯಿಯಿಂದ ಒಂದು ಗೇಣು ಎತ್ತರದಲ್ಲಿ ನಿಲ್ಲಿಸಿ. ಗಾಳಿ ಬದಿಯಿಂದ ಹೋಗುತ್ತದೆ, ನೀರು ಒಳಗೆ ಬೀಳುವುದಿಲ್ಲ.

ಫ್ಯೂಸ್‌ವೈರ್ · ಹಬ್ಬಕ್ಕೆ 5 ದಿನ

ಮುಟ್ಟಾಳೆಗೆ ನನ್ನದೂ ಮತ. ಅದರ ಜೊತೆ ಇಷ್ಟು: ವೈರು ನಡುವೆ ಜೋಡಣೆ ಇಲ್ಲದ ಒಂದೇ ತುಂಡಾಗಿರಲಿ. ಹೋಲ್ಡರಿಗೆ ಸೇರುವ ಮೊದಲು ಅದನ್ನು ಒಂದು ಬಳಕು ಕೆಳಗೆ ಇಳಿಸಿ ಮೇಲೆತ್ತಿ, ವೈರು ಹಿಡಿದು ಬಂದ ನೀರು ಆ ಬಳಕಿನಲ್ಲೇ ತೊಟ್ಟಿಕ್ಕುತ್ತದೆ. ಮನೆಯ ಬೋರ್ಡಿನಲ್ಲಿ ಆರ್‌ಸಿಸಿಬಿ, ಅಂದರೆ ವಿದ್ಯುತ್ತು ಸೋರಿದರೆ ತಾನಾಗಿ ಲೈನ್ ಕಡಿಯುವ ಸ್ವಿಚ್, ಇದೆಯೇ ನೋಡಿಕೊಳ್ಳಿ. ಮಲಗುವ ಮೊದಲು ಆರಿಸಿ. ಕಾಗದದ ಒಳಗೆ ಉರಿಯುವ ಬಲ್ಬನ್ನು ಯಾರೂ ನೋಡದಿರುವಾಗ ಬಿಡಬಾರದು.

ಮೈಲುತುತ್ತ ಬೆರೆಸಿದ ಅಂಟಿನ ಪಾತ್ರೆಯನ್ನು ಅಮ್ಮ ಮತ್ತೆ ಅಡುಗೆಗೆ ಬಳಸುತ್ತಿಲ್ಲ ತಾನೇ? ಅದು ವಿಷ.

ಬಿದಿರುಕಡ್ಡಿ · ಹಬ್ಬಕ್ಕೆ 5 ದಿನ

ಇಲ್ಲ ಅಣ್ಣ. ಅಂಟಿಗೆಂದೇ ಒಂದು ಹಳೆಯ ಡಬ್ಬ ಇದೆ. ಅದನ್ನು ಮುಟ್ಟಿದವರಿಗೆ ಅಮ್ಮನ ಶಿಕ್ಷೆ ಮೈಲುತುತ್ತಕ್ಕಿಂತ ಕಠಿಣ.

ಬಿದಿರುಕಡ್ಡಿ · ಹಬ್ಬದ ರಾತ್ರಿ

ತಿರುಗುತ್ತಿದೆ.

ಬಲಿಯೇಂದ್ರನನ್ನು ಕರೆದು, ಗದ್ದೆಗೆ ದೀಪವಿಟ್ಟು ಬಂದ ಮೇಲೆ ಗೂಡುದೀಪವನ್ನು ಅಂಗಳದ ಅಡಿಕೆ ಕಂಬಕ್ಕೆ ಏರಿಸಿದೆವು. ಹಗ್ಗ ಎಳೆದದ್ದು ತಮ್ಮ. ಬಲ್ಬು ಹತ್ತಿದ ಮೇಲೆ ಯಾರೂ ಮಾತಾಡಲಿಲ್ಲ. ಮೊದಲ ಜೋಡಿ ಕಿಟಕಿಯಿಂದ ಕಿಟಕಿಗೆ ದಾಟಿತು. ನಿಧಾನವಾಗಿ, ಆಮೇಲೆ ಒಂದೇ ಹದದಲ್ಲಿ. ತಮ್ಮ ಗಡಿಯಾರ ಹಿಡಿದು ಎಣಿಸಿದ: ನಿಮಿಷಕ್ಕೆ ಏಳು ಸುತ್ತು. ಹೊರಗೆ ಗಾಳಿ ಬೀಸಿದರೆ ಒಂದು ಕ್ಷಣ ತಡವರಿಸಿ ಮತ್ತೆ ಹೊರಡುತ್ತವೆ. ಎಂಟೂವರೆಗೆ ಮಳೆ ಬಂತು. ಮುಟ್ಟಾಳೆಯ ಮೇಲೆ ಹನಿ ಬೀಳುವ ಸದ್ದು ಜಗಲಿಗೆ ಕೇಳುತ್ತಿತ್ತು. ಒಳಗೆ ಕೋಣಗಳು ಓಡುತ್ತಲೇ ಇದ್ದವು. ಗೆಳತಿಯ ಅಣ್ಣ ಮೋಟರನ್ನು ಜೇಬಿನಲ್ಲೇ ಇಟ್ಟುಕೊಂಡು ಬಂದಿದ್ದ, ಅಗತ್ಯ ಬಿದ್ದರೆ ಇರಲಿ ಎಂದು. ಹೊರತೆಗೆಯಲಿಲ್ಲ.

ಅಜ್ಜನನ್ನು ಕೇಳಿದೆ, ನಿಮ್ಮ ಕಾಲದ್ದು ಹೀಗೆಯೇ ಇತ್ತಾ ಎಂದು. "ಇಷ್ಟು ವೇಗ ಇರಲಿಲ್ಲ" ಎಂದರು. ಹೊಗಳಿದ್ದೋ ತೆಗಳಿದ್ದೋ ಗೊತ್ತಾಗಲಿಲ್ಲ. ಆಗ ಒಳಗೆ ಇರುತ್ತಿದ್ದುದು ಎಣ್ಣೆಯ ದೀಪವಂತೆ.

ಹೊಸಬೆಳಕು · ಹಬ್ಬದ ಮರುದಿನ

ಒಪ್ಪಿದೆ. ಆದರೂ ಬರುವ ವರ್ಷ ಆ ಬಲ್ಬು ಸಿಗದಿದ್ದರೆ ನನ್ನನ್ನೇ ಕೇಳುತ್ತೀರಿ.

ಕೆರೆದಡದವಳು · ಹಬ್ಬದ ಮರುದಿನ

ಮಗಳ ಹಿಡಿಕಡ್ಡಿ ಬುಟ್ಟಿ ಅಂಗೈಯಷ್ಟೇ ಇದೆ, ಆದರೆ 48 ಅಂಚೂ ಇವೆ. ಪರೀಕ್ಷೆಯ ಅಂಕ ಇನ್ನೂ ಬಂದಿಲ್ಲ, ಅದರ ಬಗ್ಗೆ ಇಲ್ಲಿ ಯಾರೂ ಕೇಳಬಾರದು.

ಬಿದಿರುಕಡ್ಡಿ · ಹಬ್ಬ ಕಳೆದು 4 ದಿನ

ಇನ್ನೊಂದು ಸಂಗತಿ ಹೇಳಲು ಬಂದೆ. ನಿನ್ನೆ ಸಂಜೆ ದೀಪ ಹಚ್ಚಿದಾಗ ತಮ್ಮ ಕೂಗಿದ. ನಾಲ್ಕನೆಯ ಜೋಡಿಗೂ ಐದನೆಯ ಜೋಡಿಗೂ ನಡುವೆ ಏನೋ ಚಿಕ್ಕದು ಓಡುತ್ತಿತ್ತು. ಇಳಿಸಿ ನೋಡಿದರೆ ಒಂದು ನಾಯಿ. ಬಾಲ ಎತ್ತಿ, ಕಿವಿ ಮಡಿಸಿ, ಕೋಣಗಳ ಹಿಂದೆ ಬಿದ್ದಿದೆ. ಹಳೆಯ ಕ್ಯಾಲೆಂಡರಿನ ಹಿಂಬದಿಯ ಕಾಗದ, ಮಸಿ ಬಳಿದದ್ದು. ಕತ್ತರಿಸಿದ್ದು ದೊಡ್ಡ ಕತ್ತರಿಯಲ್ಲಿ, ಅಂಚು ಒರಟು. ಗೆಳತಿ ತನ್ನದಲ್ಲ ಎಂದಳು. ಜಗಲಿಯ ಕಡೆ ನೋಡಿದೆವು. ಅಜ್ಜ ಪತ್ರಿಕೆ ಓದುತ್ತಿದ್ದರು.

ನಾಯಿಯ ಭಾರಕ್ಕೆ ಉರುಳೆ ತುಸು ಒಂದು ಪಕ್ಕಕ್ಕೆ ವಾಲುತ್ತಿತ್ತು. ಎದುರು ಬದಿಗೆ ಎರಡು ಅಕ್ಕಿಕಾಳು ಅಂಟಿಸಿದೆವು.